ಬೆಂಕಿ ಕುದುರೆ ವರ್ಷದ ಹುಡುಗಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ‘ನಾನು ಯಾವ ಪ್ರಾಣಿ?’ ಅಂತ ಕೇಳಿದವು. ಚೀನೀ ಜಾತಕ ಅಂದರೆ ಮೃಗಾಲಯ ಅಂದುಕೊಂಡಿದ್ದಾರೋ ಏನೋ! ಆ ಜಾತಕದ ಹೆಸರು ಬಾಝಿ, ಅಂದರೆ ಎಂಟು ಅಕ್ಷರ. ವರ್ಷ, ತಿಂಗಳು, ದಿನ, ಗಂಟೆಗೆ ಎರಡೆರಡು. ವರ್ಷದ ಪ್ರಾಣಿ ಆ ಎಂಟರಲ್ಲಿ ಒಂದು, ಅಷ್ಟೇ. ಪ್ರತಿ ಜೋಡಿಯಲ್ಲಿ ಮೇಲಿನದು ಕಾಂಡ, ಅಂದರೆ ಮರ, ಬೆಂಕಿ, ಮಣ್ಣು, ಲೋಹ, ನೀರು ಇವುಗಳಲ್ಲಿ ಒಂದು. ಕೆಳಗಿನದು ಕೊಂಬೆ, ಅಂದರೆ ಹನ್ನೆರಡು ಪ್ರಾಣಿಗಳಲ್ಲಿ ಒಂದು. ಪ್ರಾಣಿಗೂ ಈ ಐದರಲ್ಲಿ ಒಂದು ಗುಣ ಇರುತ್ತದೆ. ಇದಕ್ಕಿಂತ ದೊಡ್ಡ ಪಾಠವನ್ನು ಮತ್ತೆ ಬರೆಯುವುದಿಲ್ಲ.

ಪ್ರಶ್ನೆ: ನಾವು ಸಿಂಗಪುರದಲ್ಲಿದ್ದೇವೆ. ಮಗಳು ಹುಟ್ಟಿದ್ದು 2026ರ ಫೆಬ್ರವರಿ 10, ಮಧ್ಯಾಹ್ನ 1:40ಕ್ಕೆ. ಪಕ್ಕದ ಮನೆಯ ಚೀನೀ ಅಜ್ಜಿ ಹಾವು ಅನ್ನುತ್ತಾರೆ, ಆ್ಯಪ್ ಕುದುರೆ ಅನ್ನುತ್ತದೆ. ನಮ್ಮವರ ಜಪಾನಿ ಸಹೋದ್ಯೋಗಿ ‘ಬೆಂಕಿ ಕುದುರೆಯಾ? ಅದೂ ಹೆಣ್ಣಾ?’ ಅಂತ ಮುಖ ಸಪ್ಪೆ ಮಾಡಿದರಂತೆ. ಒಬ್ಬ ‘ಮಾಸ್ಟರ್’ ಮಗುವಿನ ಕೈಗೆ ಕಪ್ಪು ಕಲ್ಲಿನ ಸರ ಕಟ್ಟಿ ಅಂದರು. ಹೆದರಬೇಕಾ ಮೇಡಂ?

ಉತ್ತರ: ಚಿಕ್ಕ ಮಕ್ಕಳ ಜಾತಕ ನಾನು ನೋಡುವುದಿಲ್ಲ. ನಿಮ್ಮ ಹೆದರಿಕೆ ಇಳಿಸಲು ಈ ಸಲ ನಿಯಮ ಮುರಿಯುತ್ತಿದ್ದೇನೆ.

ಅಜ್ಜಿಯೂ ಸರಿ, ಆ್ಯಪೂ ಸರಿ. ಹಬ್ಬದ ಹೊಸ ವರ್ಷ ಬಂದದ್ದು ಫೆಬ್ರವರಿ 17ಕ್ಕೆ. ಅಜ್ಜಿಯ ಲೆಕ್ಕ ಅದು. ಬಾಝಿಯಲ್ಲಿ ವರ್ಷ ತಿರುಗುವುದು ವಸಂತ ಶುರುವಾಗುವ ಲೀಚುನ್ ದಿನ, ಅಂದರೆ ಫೆಬ್ರವರಿ 4ರ ಆಸುಪಾಸು. ಅದು ಸೂರ್ಯನ ಲೆಕ್ಕ. ಹಾಗಾಗಿ ಜಾತಕಕ್ಕೆ ಕುದುರೆಯೇ.

ಇನ್ನು ಜಪಾನಿನ ಹೆದರಿಕೆ. ಬೆಂಕಿ ಕುದುರೆ ವರ್ಷದ ಹೆಣ್ಣು ಗಂಡನನ್ನು ನುಂಗುತ್ತಾಳೆ ಅನ್ನುವುದು ಎಡೋ ಕಾಲದಿಂದ (1603–1868) ಬಂದ ಮಾತು. ತರಕಾರಿ ಅಂಗಡಿಯವನ ಮಗಳು ಓಶಿಚಿ ಪ್ರೀತಿಯ ಹುಚ್ಚಿಗೆ ಬೆಂಕಿ ಹಚ್ಚಿ 1683ರಲ್ಲಿ ಮರಣದಂಡನೆಗೆ ಗುರಿಯಾದಳು. ಅವಳು ಆ ವರ್ಷದವಳು ಅಂತ ಕತೆ ಕಟ್ಟಿದರು. ನಾಟಕಗಳು ಅದನ್ನು ಊರೂರಿಗೆ ಹಬ್ಬಿಸಿದವು. 1966 ಕೂಡ ಬೆಂಕಿ ಕುದುರೆ ವರ್ಷ. ಇದೇ ಭಯಕ್ಕೆ ಆ ವರ್ಷ ಜಪಾನಿನಲ್ಲಿ ಹುಟ್ಟಿದ ಮಕ್ಕಳು ಸುಮಾರು 13.6 ಲಕ್ಷ. ಹಿಂದಿನ ವರ್ಷ 18.2 ಲಕ್ಷ ಇತ್ತು! ನಿಮ್ಮ ಮಗಳು ನಮ್ಮ ಪಂಚಾಂಗದಲ್ಲಿ ವಿಶ್ವಾವಸು ಸಂವತ್ಸರದವಳು. ವಿಶ್ವಾವಸು ಹುಡುಗಿಯರೆಲ್ಲ ಗಂಡನನ್ನು ನುಂಗುತ್ತಾರೆ ಅಂದರೆ ನೀವು ನಗುತ್ತೀರಿ, ಅಲ್ವಾ?

ವರ್ಷ ಹಿಡಿದು ಜಾತಕ ಹೇಳುವುದು ಚೀನಾದ ತಾಂಗ್ ರಾಜರ ಕಾಲದ ಪದ್ಧತಿ. ಮುಂದೆ ಸೋಂಗ್ ರಾಜರ ಕಾಲದಲ್ಲಿ ಶೂ ತ್ಸಿಪಿಂಗ್ ಹೆಸರಿನ ಪದ್ಧತಿ ಬಂದ ಮೇಲೆ ದಿನದ ಕಾಂಡವೇ ‘ನಾನು’, ಅಂದರೆ ಹುಟ್ಟಿದವರ ಗುರುತು ಆಯಿತು. ನಿಮ್ಮ ಮಗಳ ದಿನ ‘ಯೀ-ಮಾವ್’. ಯೀ ಅಂದರೆ ಎಳೆಯ ಮರ, ಬಳ್ಳಿ ಅನ್ನಿ. ಕೆಳಗೆ ಮೊಲ, ಅದೂ ಮರವೇ. ತಿಂಗಳು ಹುಲಿ, ಅದೂ ಮರ. ಬೇರು ಗಟ್ಟಿಯಾಗಿದೆ. ಆದರೆ ಚೀನಾದ ಋತು ಲೆಕ್ಕದಲ್ಲಿ ಅದು ಇನ್ನೂ ಚಳಿ ಬಿಡದ ವಸಂತ. ಆ ತಿಂಗಳ ಬಳ್ಳಿಗೆ ಮೊದಲು ಬೇಕಾದದ್ದು ಬಿಸಿಲು. ವರ್ಷದ ಕಾಂಡ ‘ಬಿಂಗ್’ ಏನು ಗೊತ್ತಾ? ಸೂರ್ಯ! ಯಾವ ಬೆಂಕಿಗೆ ಹೆದರಿದ್ದೀರೋ ಈ ಜಾತಕ ಬೇಡುವುದು ಅದನ್ನೇ. ಇಂಥ ಮಕ್ಕಳಿಗೆ ಬಾಯಿ ಚುರುಕು, ಎದುರು ಮಾತು ಜಾಸ್ತಿ. ಅಷ್ಟು ಸಹಿಸಿಕೊಳ್ಳಿ. ಕಪ್ಪು ಅಂದರೆ ನೀರು. ಬಿಸಿಲು ಬೇಕಾದ ಗಿಡಕ್ಕೆ ನೀರು ಸುರಿಯಿರಿ ಅಂದ ಆ ಮಾಸ್ಟರ್ ಜಾತಕ ಬಿಡಿಸಿಯೇ ನೋಡಿಲ್ಲ.

ಗಂಟೆಯ ವಿಷಯ ಒಂದಿದೆ. ಸಿಂಗಪುರದ ಗಡಿಯಾರ ನಡೆಯುವುದು 120 ಡಿಗ್ರಿ ರೇಖಾಂಶಕ್ಕೆ, ಊರು ಇರುವುದು 104ರ ಹತ್ತಿರ. ಡಿಗ್ರಿಗೆ 4 ನಿಮಿಷದಂತೆ ಸುಮಾರು 65 ನಿಮಿಷ ಕಳೆಯಿರಿ. ಫೆಬ್ರವರಿಯಲ್ಲಿ ಸೂರ್ಯ ಇನ್ನೂ 14 ನಿಮಿಷ ತಡ. ನಿಮ್ಮ 1:40 ನಿಜವಾಗಿ 12:21. ಚೀನೀ ಗಂಟೆ ನಮ್ಮ ಎರಡು ಗಂಟೆಗೆ ಒಂದು: 11ರಿಂದ 1 ಕುದುರೆ, 1ರಿಂದ 3 ಮೇಕೆ. ಮೇಕೆ ಗಂಟೆ ಹೋಗಿ ಕುದುರೆ ಗಂಟೆ ಆಯಿತು. ಕುದುರೆ ಬೆಂಕಿಯ ಪ್ರಾಣಿ. ಬೆಂಕಿ ಇನ್ನೂ ಏರಿತು, ಆದರೆ ಆ ಗಂಟೆಯ ಕಾಂಡ ನೀರು. ಅಂದರೆ ನೀರೂ ಜಾತಕದಲ್ಲೇ ಇದೆ, ಅಂಗಡಿಯಿಂದ ತರಬೇಕಿಲ್ಲ. ಗಡಿಯಾರದ ಹೊತ್ತೇ ಸಾಕು ಅನ್ನುವ ಗುರುಗಳೂ ಇದ್ದಾರೆ. ನಾನು ಒಪ್ಪುವುದಿಲ್ಲ. ಇದಕ್ಕಿಂತ ಮುಂದೆ ಓದುವುದಿಲ್ಲ. ಅವಳು ದೊಡ್ಡವಳಾಗಿ ತಾನೇ ಕೇಳಲಿ.

ಪ್ರಶ್ನೆ: ನಾನು ಹಂದಿ, ಹುಡುಗಿ ಹಾವು. ಮದುವೆ ಆಗಬಹುದಾ?

ಉತ್ತರ: ಹನ್ನೆರಡು ಪ್ರಾಣಿಗಳ ಚಕ್ರದಲ್ಲಿ ಆರು ವರ್ಷ ಅಂತರ ಇದ್ದರೆ ಪ್ರಾಣಿಗಳು ಎದುರುಬದುರಾಗಲೇಬೇಕು, ಲೆಕ್ಕವೇ ಹಾಗಿದೆ. ಹುಡುಗಿ ಒಪ್ಪಿದ್ದಾಳಾ? ಅದನ್ನು ಕೇಳಿ.

ಪ್ರಶ್ನೆ: ನನ್ನ ಜಾತಕದಲ್ಲಿ ಲೋಹ ಇಲ್ಲ. ಬೆಳ್ಳಿ ಉಂಗುರ ಹಾಕಲೇ?

ಉತ್ತರ: ಇಲ್ಲದ್ದೆಲ್ಲ ಬೇಕಾದದ್ದಲ್ಲ. ಇದು ವಿಟಮಿನ್ ಕೊರತೆಯಲ್ಲ.

ಪ್ರಶ್ನೆ: ನಗುವ ಬುದ್ಧನನ್ನು ಯಾವ ದಿಕ್ಕಿಗೆ ಇಡಬೇಕು?

ಉತ್ತರ: ಮಾರಿದವರನ್ನು ಕೇಳಿ.

ಪ್ರಶ್ನೆ: ಮುಂದಿನ ತಿಂಗಳು ಸಿಸೇರಿಯನ್. ಒಳ್ಳೆಯ ಗಂಟೆ ಹೇಳಿ.

ಉತ್ತರ: ಹೇಳುವುದಿಲ್ಲ. ಹಿಂದೊಮ್ಮೆ ಒಬ್ಬರಿಗೆ ಹೇಳಿದ್ದೆ. ಹೆರಿಗೆ ನೋವು ಒಂದು ದಿನ ಮೊದಲೇ ಶುರುವಾಯಿತು. ನಾನು ಕೊಟ್ಟ ಗಂಟೆ ಬರಲಿ ಅಂತ ಆಕೆ ಹಲ್ಲು ಕಚ್ಚಿಕೊಂಡು ಮನೆಯಲ್ಲೇ ಕೂತರು. ತಾಯಿ, ಮಗು ಇಬ್ಬರೂ ಉಳಿದರು, ಪುಣ್ಯ. ಆ ರಾತ್ರಿ ಅವರ ಗಂಡ ಫೋನಿನಲ್ಲಿ ಕೇಳಿದ್ದು ಇನ್ನೂ ಕಿವಿಯಲ್ಲಿದೆ: ‘ಈಗ ಹೊರಟರೆ ತೊಂದರೆ ಇಲ್ವಾ ಮೇಡಂ?’