ಕೋವಿ ಪ್ರಶ್ನೋತ್ತರ: ಹೊರಗಿನ ಹ್ಯಾಮರ್ ಒಳಗೆ ಹೋಗುತ್ತದೆಯೇ?

ಪ್ರಶ್ನೆ: ತಾತನ ಕಾಲದ ಇಂಗ್ಲಿಷ್ ಜೋಡಿ ನಳಿಗೆ ಕೋವಿ, 12 ಬೋರ್, ಹೊರಗೆ ಎರಡು ಹ್ಯಾಮರ್ (ತೋಟಾ ಸಿಡಿಸುವ ಸುತ್ತಿಗೆ). ಹ್ಯಾಮರ್‌ಲೆಸ್ (ಹ್ಯಾಮರ್ ಹೊರಗೆ ಕಾಣದಂತೆ) ಮಾಡಿಸಬಹುದೇ? (ಸೋಮವಾರಪೇಟೆಯ ಓದುಗರು)

ಉತ್ತರ: ಆಗುತ್ತದೆ. ಆದರೆ ಮಾಡಿಸಬೇಡಿ. 1871ರಲ್ಲಿ ಲಂಡನ್ನಿನ ಮರ್ಕಾಟ್, 1875ರಲ್ಲಿ ಬರ್ಮಿಂಗ್‌ಹ್ಯಾಮಿನ ಆನ್ಸನ್ ಮತ್ತು ಡೀಲಿ ಹ್ಯಾಮರಿಲ್ಲದ ಕೋವಿಗೆ ಪೇಟೆಂಟ್ ಪಡೆದರು. ಆಮೇಲೆ ಹಳೆಯ ಕೋವಿಗಳನ್ನೂ ಹಾಗೆ ತಿದ್ದಿಸಿಕೊಂಡವರಿದ್ದರು.

ಕಷ್ಟವಿರುವುದು ಹ್ಯಾಮರ್ ತೆಗೆಯುವುದರಲ್ಲಲ್ಲ, ಕಾಕ್ ಮಾಡುವುದರಲ್ಲಿ (ಹೊಡೆತಕ್ಕೆ ಸಿದ್ಧವಾಗಿ ಹಿಂದಕ್ಕೆ ಎಳೆದು ನಿಲ್ಲಿಸುವುದರಲ್ಲಿ). ಆನ್ಸನ್–ಡೀಲಿ ಮಾದರಿಯಲ್ಲಿ ನಳಿಗೆ ಬಾಗಿದಾಗ ಅದೇ ಟಂಬ್ಲರನ್ನು (ಒಳಗಿನ ಹ್ಯಾಮರನ್ನು) ಎತ್ತುತ್ತದೆ. ಹಳೆಯ ಕೋವಿಗೆ ಇದನ್ನು ಕೂರಿಸಲು ಆಕ್ಷನ್ನಿನ (ನಳಿಗೆ ಕೂರುವ ಲೋಹದ ಚೌಕಟ್ಟಿನ) ಚಾಚಿನಲ್ಲಿ, ಅಂದರೆ ನಳಿಗೆಯ ಕೆಳಗೆ ಮುಂದಕ್ಕೆ ಚಾಚಿದ ಭಾಗದಲ್ಲಿ, ಉದ್ದಕ್ಕೆ ಕಾಲುವೆ ಕೊರೆಯಬೇಕು. ಹೊಡೆತದ ಭಾರವೆಲ್ಲ ಬೀಳುವುದು ಚಾಚು ಮತ್ತು ಹಿಂಗೋಡೆ (ನಳಿಗೆಯ ಹಿಂಬದಿ ಮುಚ್ಚುವ ಗೋಡೆ) ಸೇರುವ ಮೂಲೆಗೆ. ಅಲ್ಲಿ ಲೋಹ ತೆಳುವಾದರೆ ಬಿರುಕು. ಹ್ಯಾಮರ್ ಹೊಡೆಸುವ ಮೇನ್‌ಸ್ಪ್ರಿಂಗ್ ಮುಂದಕ್ಕಿರುವ ಬಾರ್ ಲಾಕ್ ಆದರೆ ಆ ಚಾಚು ಆಗಲೇ ಅರ್ಧ ಟೊಳ್ಳು. ಲಿವರ್‌ನಿಂದ ಕಾಕ್ ಮಾಡುವ ಮರ್ಕಾಟ್ ದಾರಿ ಇದಕ್ಕಿಂತ ವಾಸಿ, ಚಾಚನ್ನು ಅಷ್ಟು ಕೊರೆಯಬೇಕಿಲ್ಲ.

ಇನ್ನು ಸೇಫ್ಟಿ. ಟ್ರಿಗರನ್ನಷ್ಟೇ ತಡೆಯುವ ಸೇಫ್ಟಿ ಸಾಲದು: ಕೋವಿ ಕೆಳಗೆ ಬಿದ್ದರೆ ಸಿಯರ್ (ಟಂಬ್ಲರನ್ನು ಹಿಡಿದಿಡುವ ಕೊಂಡಿ) ಜಾರಿ ಗುಂಡು ಹಾರಬಹುದು, ಟಂಬ್ಲರನ್ನೇ ತಡೆಯುವ ಎರಡನೇ ಸಿಯರ್ ಬೇಕು. ಹ್ಯಾಮರ್ ಇದ್ದ ಹಳೆಯ ತೂತುಗಳಿಗೆ ವೆಲ್ಡಿಂಗ್ ಹಚ್ಚಿದರೆ ಲಾಕ್‌ಪ್ಲೇಟ್ (ಪಕ್ಕದ ಲೋಹದ ಹಲಗೆ) ಸೊಟ್ಟಗಾಗಿ ಮೇಲ್ಮೈಯ ಗಟ್ಟಿತನ ಹೋಗುತ್ತದೆ. ಕಾಕ್ ಆಗಿದೆಯೋ ಇಲ್ಲವೋ ಎಂದು ದೂರದಿಂದಲೇ ಕಾಣುವ ಅನುಕೂಲವೂ ಹೋಯಿತು (ನನ್ನ ಮಟ್ಟಿಗೆ ಹ್ಯಾಮರ್ ಕೋವಿಯ ದೊಡ್ಡ ಗುಣವೇ ಅದು).

ಲೈಸೆನ್ಸ್ ಬೇಡವೆನ್ನುವ ಕೊಡಗಿನ ವಿನಾಯಿತಿ (ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವುದು) ಕೋವಿ ಇಟ್ಟುಕೊಳ್ಳಲು ಮಾತ್ರ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಕೋವಿ ರಿಪೇರಿ, ಮಾರ್ಪಾಡು ಮಾಡುವವರಿಗೆ ಲೈಸೆನ್ಸ್ ಬೇಕು.

ಪ್ರಶ್ನೆ: ಹಾಗಾದರೆ ಏನು ಮಾಡಿಸಲಿ?

ಉತ್ತರ: ಮೊದಲು ನಳಿಗೆ ನೋಡಿಸಿ. ಮೇಲೆ ಸುರುಳಿ ಗೆರೆಗಳಿದ್ದರೆ ಡಮಾಸ್ಕಸ್ (ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದ ನಳಿಗೆ). ಹಳೆಯ ಕಾಲದ ಕರಿಮದ್ದಿನ ಪ್ರೂಫ್ (ಪರೀಕ್ಷೆಯ) ಗುರುತು ಮಾತ್ರ ಇದ್ದರೆ ಇಂದಿನ ತೋಟಾ ಹಾಕಬೇಡಿ. ಚೇಂಬರ್ (ತೋಟಾ ಕೂರುವ ಜಾಗ) ಅಳೆಸಿ. ಹಳೆಯವು ಬಹುಪಾಲು 2½ ಇಂಚು (65 ಮಿ.ಮೀ.). 70 ಮಿ.ಮೀ. ತೋಟಾ ಅದರಲ್ಲಿ ಸಲೀಸಾಗಿ ಕೂರುತ್ತದೆ, ಮೋಸ ಹೋಗುವುದೇ ಅಲ್ಲಿ: ಆ ಅಳತೆ ಹಾರಿಸಿದ ಮೇಲಿನದು. ತೋಟಾದ ಬಾಯಿ ಬಿಚ್ಚಿಕೊಂಡು ಮುಂದಿನ ಇಕ್ಕಟ್ಟಿಗೆ ಸಿಕ್ಕಿದರೆ ಒತ್ತಡ ಏರುತ್ತದೆ.

ಹ್ಯಾಮರ್ ಇಳಿಸುವಾಗ ನಳಿಗೆ ಬಾಗಿಸಿ ತೋಟಾ ತೆಗೆದ ಮೇಲೆಯೇ ಇಳಿಸಿ. ತೋಟಾ ಒಳಗಿದ್ದಾಗ ಹೆಬ್ಬೆರಳು ಜಾರಿದರೆ ಗುಂಡು ಹಾರುತ್ತದೆ.