ಮಳೆಗಾಲದ ಮನೆಯೊಳಗಿನ ವಿಷ: ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಬಳಕೆಯ ವಸ್ತುಗಳಲ್ಲಿರುವ ರಾಸಾಯನಿಕಗಳ ಕುರಿತು ಪ್ರಶ್ನೆ ಕಳುಹಿಸುವಂತೆ ಹಿಂದಿನ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಕೊಡಗಿನವೇ ಹೆಚ್ಚು. ಅವನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ, ಕೇಳಿರುವ ವಸ್ತುಗಳು ಬೇರೆ ಬೇರೆಯಾದರೂ ತೊಂದರೆ ಕಾಣಿಸಿಕೊಂಡ ಕಾಲ ಬಹುತೇಕ ಒಂದೇ ಎಂಬುದು ಗಮನಕ್ಕೆ ಬಂತು. ಅದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ಬಾಗಿಲು ಮುಚ್ಚಿಕೊಂಡು ಕೂರುವ ಕಾಲ. ಗಾಳಿಯಾಡುವ ಮನೆಯಲ್ಲಿ ಹೇಗೋ ನಡೆದುಹೋಗುವ ವಸ್ತು ಮುಚ್ಚಿದ ಕೋಣೆಯಲ್ಲಿ ಹಾಗೆ ನಡೆಯುವುದಿಲ್ಲ. ಕೆಳಗಿನ ಉತ್ತರಗಳಲ್ಲಿ ಕಿಟಕಿಯ ಮಾತು ಮತ್ತೆ ಮತ್ತೆ ಬಂದರೆ ಓದುಗರು ಬೇಸರಿಸಬಾರದು.

ಪ್ರಶ್ನೆ: ಮಳೆಗಾಲದಲ್ಲಿ ಬಟ್ಟೆಗಳಿಗೆ ಬೂಷ್ಟು ಹಿಡಿಯುತ್ತದೆ ಎಂದು ಬೀರುವಿನಲ್ಲಿ, ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಇಡುವುದು ನಮ್ಮ ಮನೆಯ ರೂಢಿ. ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಟ್ರಂಕಿನಲ್ಲಿದ್ದ ಹಳೆಯ ಮೆತ್ತನೆಯ ಸೀರೆಗಳನ್ನು ಮಗುವಿಗೆ ಸುತ್ತಲು ತೆಗೆದರೆ, ಆಸ್ಪತ್ರೆಯ ನರ್ಸ್ ಬೇಡವೆಂದರು. ಇದರಲ್ಲಿ ಅರ್ಥವಿದೆಯೇ?
— ಗೃಹಿಣಿ, ಸುಂಟಿಕೊಪ್ಪ

ಉತ್ತರ: ನರ್ಸ್ ಹೇಳಿದ್ದು ಸರಿಯಾಗಿಯೇ ಇದೆ, ದಯವಿಟ್ಟು ಪಾಲಿಸಿ. ಟ್ರಂಕು ತೆರೆದಾಗ ಬರುವ ಆ ವಾಸನೆ ನಮ್ಮಲ್ಲಿ ಅನೇಕರಿಗೆ ಅಜ್ಜಿಯ ಮನೆಯ, ಮದುವೆಗೆ ಹೊರಟ ಕುಪ್ಯ ಚೇಲೆಯ (ಕೊಡವರ ಸಾಂಪ್ರದಾಯಿಕ ನಿಲುವಂಗಿ, ಸೊಂಟಪಟ್ಟಿಯ) ನೆನಪು ತರುತ್ತದೆ. ನನಗೂ ಅದು ಇಷ್ಟದ ವಾಸನೆಯೇ ಆಗಿತ್ತು. ಆದರೆ ಮೂಗಿಗೆ ವಾಸನೆ ಬಂತೆಂದರೆ ಆ ವಸ್ತು ಆವಿಯಾಗಿ ನಮ್ಮ ಉಸಿರಿನೊಳಗೆ ಸೇರುತ್ತಿದೆ ಎಂದೇ ಅರ್ಥ. ನುಸಿಗುಳಿಗೆಯಲ್ಲಿರುವುದು ಸಾಮಾನ್ಯವಾಗಿ ನ್ಯಾಫ್ತಲೀನ್. ಇದು ಕರ್ಪೂರದ ಹಾಗೆ ಕರಗದೆಯೇ ನೇರವಾಗಿ ಆವಿಯಾಗುವ ವಸ್ತು. ಆ ಆವಿ ಬಟ್ಟೆಯ ಎಳೆಗಳಲ್ಲಿ ಕುಳಿತು, ಮುಂದೆ ಬಟ್ಟೆ ತೊಟ್ಟವರ ಚರ್ಮದ ಮೂಲಕವೂ ಉಸಿರಿನ ಮೂಲಕವೂ ಒಳಗೆ ಹೋಗುತ್ತದೆ.

ದೇಹ ಇದನ್ನು ಒಡೆಯುವಾಗ ಹುಟ್ಟುವ ಕೆಲವು ಪದಾರ್ಥಗಳು ಕೆಂಪು ರಕ್ತಕಣಗಳನ್ನು ಹಾಳುಮಾಡಬಲ್ಲವು. ಆ ಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಈ ಕೊರತೆ ಗಂಡುಮಕ್ಕಳಲ್ಲಿ ಹೆಚ್ಚಾಗಿ ಕಾಣಿಸುತ್ತದೆ, ಮತ್ತು ಪರೀಕ್ಷೆ ಮಾಡಿಸದ ಹೊರತು ಮನೆಯವರಿಗೆ ತಿಳಿಯುವುದೇ ಇಲ್ಲ. ಅಂತಹ ಮಗುವಿಗೆ ನ್ಯಾಫ್ತಲೀನ್ ತಾಗಿದರೆ ರಕ್ತಕಣಗಳು ಒಡೆದು ತೀವ್ರವಾದ ಕಾಮಾಲೆ ಬರಬಹುದು. ನವಜಾತ ಶಿಶುವಿನ ಯಕೃತ್ತು ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಆ ಕಾಮಾಲೆ ಮಿದುಳಿನವರೆಗೂ ಹೋಗುವ ಅಪಾಯವಿದೆ. ನುಸಿಗುಳಿಗೆ ಹಾಕಿಟ್ಟಿದ್ದ ಬಟ್ಟೆ, ಹೊದಿಕೆಗಳಲ್ಲಿ ಸುತ್ತಿದ ಶಿಶುಗಳಿಗೆ ಹೀಗಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಇನ್ನೊಂದು ಮಾತು ನಮ್ಮ ಕಡೆಯ ಬಾಣಂತನಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ: ನ್ಯಾಫ್ತಲೀನ್ ನೀರಿನಲ್ಲಿ ಅಷ್ಟಾಗಿ ಕರಗದು, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಮಗುವಿಗೆ ಎಣ್ಣೆ ತಿಕ್ಕಿ ಅಂತಹ ಬಟ್ಟೆಯಲ್ಲಿ ಸುತ್ತಿದರೆ ಅದು ಚರ್ಮದೊಳಗೆ ಇಳಿಯುವುದು ಇನ್ನೂ ಸುಲಭವಾಗುತ್ತದೆ.

ಅದೇ ಕಾರಣಕ್ಕೆ ಒಮ್ಮೆ ನೀರಿನಲ್ಲಿ ಜಾಲಿಸಿ ತೆಗೆದರೆ ಸಾಲದು. ಸಾಬೂನಿನಲ್ಲಿ ಒಗೆದು, ವಾಸನೆ ಪೂರ್ತಿ ಹೋಗುವವರೆಗೆ ದಿನಗಟ್ಟಲೆ ಗಾಳಿ ಬಿಸಿಲಿಗೆ ಹಾಕಬೇಕು. ಕಕ್ಕಡದ ಮಳೆಯಲ್ಲಿ ಬಿಸಿಲನ್ನು ಎಲ್ಲಿಂದ ತರುವುದು ಎಂದು ನೀವು ಕೇಳುವುದು ನ್ಯಾಯವೇ. ಹಾಗಾಗಿ ಶಿಶುವಿನ ಬಟ್ಟೆಗಳನ್ನು ಬೇರೆಯಾಗಿ, ಯಾವ ಗುಳಿಗೆಯೂ ಇಲ್ಲದ ಕಡೆ ಇಡುವುದೊಂದೇ ನೇರವಾದ ದಾರಿ.

ಇಷ್ಟೆಲ್ಲ ಅಪಾಯ ಹೊತ್ತುಕೊಂಡೂ ನುಸಿಗುಳಿಗೆ ನೀವು ಬಯಸಿದ ಕೆಲಸ ಮಾಡುವುದಿಲ್ಲ ಎಂಬುದನ್ನೂ ಹೇಳಬೇಕು. ಅದು ಇರುವುದು ಬಟ್ಟೆ ತಿನ್ನುವ ಹುಳುವಿಗೆ. ಬೂಷ್ಟಿಗೆ ಕಾರಣ ತೇವ, ಮತ್ತು ಗುಳಿಗೆ ತೇವವನ್ನು ಹೀರುವುದಿಲ್ಲ. ಪೂರ್ತಿ ಒಣಗಿದ ಬಟ್ಟೆಯನ್ನಷ್ಟೇ ಒಳಗಿಡುವುದು, ಬೀರುವನ್ನು ಗೋಡೆಯಿಂದ ಒಂದು ಗೇಣು ದೂರ ನಿಲ್ಲಿಸುವುದು, ಮಳೆ ಬಿಟ್ಟ ದಿನ ಬಾಗಿಲು ತೆರೆದಿಡುವುದು, ಅಂಗಡಿಯಲ್ಲಿ ಸಿಗುವ ತೇವ ಹೀರುವ ಪೊಟ್ಟಣ ಇಡುವುದು ಇದಕ್ಕಿಂತ ಉಪಯುಕ್ತ. ಕುಪ್ಯ ಮತ್ತು ರೇಷ್ಮೆಗೆ ಗುಳಿಗೆ ಬೇಕೇ ಬೇಕೆಂದರೆ ಗಾಳಿ ಹೊರಬರದಂತೆ ಭದ್ರವಾಗಿ ಮುಚ್ಚುವ ಪೆಟ್ಟಿಗೆಯಲ್ಲಿ ಮಾತ್ರ ಇಡಿ, ಮತ್ತು ಆ ಪೆಟ್ಟಿಗೆ ಮಲಗುವ ಕೋಣೆಯಲ್ಲಿ ಇರದಿರಲಿ. ಪೆಪ್ಪರ್‌ಮಿಂಟಿನಂತೆ ಕಾಣುವ ಬಿಳಿ ಗುಳಿಗೆ ಮಕ್ಕಳ ಕೈಗೆ ಸಿಕ್ಕರೆ ಬಾಯಿಗೆ ಹೋಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2002ರಲ್ಲಿ ನ್ಯಾಫ್ತಲೀನನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯಿರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಕೆಲವು ಗುಳಿಗೆಗಳಲ್ಲಿ, ಬಚ್ಚಲಿನಲ್ಲಿ ತೂಗುಹಾಕುವ ಕೆಲವು ಸುವಾಸನೆಯ ಬಿಲ್ಲೆಗಳಲ್ಲಿ ಇರುವ ಪ್ಯಾರಾಡೈಕ್ಲೋರೋಬೆಂಜೀನ್ ಕೂಡ ಅದೇ ಗುಂಪಿನಲ್ಲಿದೆ.

ಪ್ರಶ್ನೆ: ನಾವು ಹೋಂಸ್ಟೇ ನಡೆಸುತ್ತೇವೆ. ಮಳೆಗಾಲದಲ್ಲಿ ಬಚ್ಚಲಿನ ನೆಲದ ಮೇಲೆ ಪಾಚಿ ಕಟ್ಟುವುದರಿಂದ ಬ್ಲೀಚಿಂಗ್ ಪೌಡರ್ ಹಾಕಿ ಅದರ ಮೇಲೆ ಟಾಯ್ಲೆಟ್ ಆ್ಯಸಿಡ್ ಸುರಿದರೆ ಬೇಗ ಬಿಡುತ್ತದೆಂದು ಕೆಲಸದವರು ಹಾಗೆ ಮಾಡಿದರು. ಗಂಟಲು ಕಟ್ಟಿ, ಕಣ್ಣು ಉರಿದು ಓಡಿ ಬಂದರು. ಎರಡೂ ಅಂಗಡಿಯಲ್ಲಿ ಸಿಗುವ ಮಾಮೂಲು ವಸ್ತುಗಳಲ್ಲವೇ?
— ಓದುಗರೊಬ್ಬರು, ನಾಪೋಕ್ಲು

ಉತ್ತರ: ಎರಡೂ ಮಾಮೂಲು ವಸ್ತುಗಳೇ. ಆದರೆ ಅವು ಒಂದಾದಾಗ ಹುಟ್ಟುವುದು ಕ್ಲೋರಿನ್ ಅನಿಲ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ ಎಂಬಲ್ಲಿ ಜರ್ಮನ್ ಸೇನೆ ಎದುರಾಳಿಗಳ ಮೇಲೆ ಬಿಟ್ಟದ್ದು ಇದೇ ಅನಿಲ. ಬ್ಲೀಚಿಂಗ್ ಪೌಡರ್‌ನಲ್ಲಿಯೂ ದ್ರವರೂಪದ ಬ್ಲೀಚ್‌ನಲ್ಲಿಯೂ ಹೈಪೋಕ್ಲೋರೈಟ್ ಎಂಬ ರೂಪದಲ್ಲಿ ಕ್ಲೋರಿನ್ ಅಡಗಿರುತ್ತದೆ, ಆಮ್ಲ ತಾಗಿದ ಕೂಡಲೇ ಅದು ಬಿಡುಗಡೆಯಾಗುತ್ತದೆ. ಇದು ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲೇ ತಂಗುತ್ತದೆ. ಕುಕ್ಕರಗಾಲಿನಲ್ಲಿ ಕೂತು ನೆಲ ಉಜ್ಜುವವರ ಮೂಗಿಗೇ ಮೊದಲು ತಾಗುತ್ತದೆ ಎಂದಾಯಿತು. ಚಳಿಗಾಳಿ ಬರುತ್ತದೆಂದು ಬಚ್ಚಲಿನ ಗವಾಕ್ಷಿಯನ್ನು ಮುಚ್ಚಿಟ್ಟಿದ್ದರೆ ಕೇಳುವುದೇ ಬೇಡ.

ಆಮ್ಲವೆಂದರೆ ಬಾಟಲಿಯ ಆ್ಯಸಿಡ್ ಮಾತ್ರವಲ್ಲ. ನಿಂಬೆರಸ, ವಿನೆಗರ್, ಅಡುಗೆಗೆ ಹಾಕುವ ನಮ್ಮ ಕಾಚಂಪುಳಿ ಎಲ್ಲವೂ ಹುಳಿಯೇ ಆದ್ದರಿಂದ ಬ್ಲೀಚಿನೊಂದಿಗೆ ಯಾವುದನ್ನೂ ಸೇರಿಸಬಾರದು. (ಕಾಚಂಪುಳಿಯನ್ನು ನೆಲ ತೊಳೆಯಲು ಬಳಸುವಷ್ಟು ಉದಾರಿಗಳು ಕೊಡಗಿನಲ್ಲಿ ಯಾರೂ ಇರಲಾರರು, ಆ ಮಾತು ಬೇರೆ.) ಅಮೋನಿಯಾ ಇರುವ ಗಾಜು ಒರೆಸುವ ದ್ರವದೊಂದಿಗೆ ಬ್ಲೀಚ್ ಸೇರಿದರೆ ಕ್ಲೋರಮೀನ್ ಎಂಬ ಇನ್ನೊಂದು ಉರಿಗಾಳಿ ಏಳುತ್ತದೆ. ಗಂಜಲ ನಿಂತ ಕೊಟ್ಟಿಗೆಗೆ ಬ್ಲೀಚಿಂಗ್ ಪೌಡರ್ ಎರಚಿದಾಗ ಮೂಗು ಉರಿಯುವುದೂ ಇದರಿಂದಲೇ. ಮೊದಲು ಬರಿಯ ನೀರಿನಿಂದ ಚೆನ್ನಾಗಿ ತೊಳೆದು ಆಮೇಲೆ ಎರಚಿ.

ಅನಿಲ ಕುಡಿದವರನ್ನು ತಕ್ಷಣ ಬಯಲಿಗೆ ಕರೆತಂದು, ಕಣ್ಣುಗಳನ್ನು ಹದಿನೈದು ನಿಮಿಷವಾದರೂ ನೀರಿನಿಂದ ತೊಳೆಯಬೇಕು. ಈಗ ಆರಾಮವಾಗಿದ್ದಾರೆಂದು ಬಿಟ್ಟುಬಿಡಬೇಡಿ. ಶ್ವಾಸಕೋಶದಲ್ಲಿ ನೀರು ತುಂಬುವ ತೊಂದರೆ ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳಬಹುದಾದ್ದರಿಂದ ಕೆಮ್ಮು ಅಥವಾ ಏದುಸಿರು ಉಳಿದಿದ್ದರೆ ಆಸ್ಪತ್ರೆಗೆ ತೋರಿಸಲೇಬೇಕು. ಪಾಚಿಗೆ ಗಡುಸಾದ ಬ್ರಷ್ಷು, ಸಾಬೂನು ಪುಡಿ ಮತ್ತು ತೋಳಿನ ಬಲ ಸಾಕು. ಅದಕ್ಕೂ ಮೀರಿ ಬೇಕೆಂದರೆ ಎರಡರಲ್ಲಿ ಒಂದನ್ನು ಮಾತ್ರ, ಬಾಗಿಲು ತೆರೆದಿಟ್ಟು ಬಳಸಿ.

ಪ್ರಶ್ನೆ: ಕಾಫಿ ತೋಟಕ್ಕೆ ಹೊಡೆದು ಉಳಿದ ಔಷಧಿಯನ್ನು ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿ ಇಡುತ್ತೇವೆ. ಖಾಲಿಯಾದ ಕ್ಯಾನುಗಳನ್ನು ಲೈನ್‌ಮನೆಯವರು (ತೋಟದ ಕಾರ್ಮಿಕರು) ನೀರು ತುಂಬಲು ಕೇಳಿ ಒಯ್ಯುತ್ತಾರೆ. ಸೋಪು ಹಾಕಿ ತೊಳೆದರೆ ಸಾಕಲ್ಲವೇ?
— ಬೆಳೆಗಾರರು, ಸಿದ್ದಾಪುರ

ಉತ್ತರ: ಸಾಲದು. ಪ್ಲಾಸ್ಟಿಕ್ಕಿನ ಒಳಮೈ ಕೀಟನಾಶಕವನ್ನು ಹೀರಿಕೊಂಡಿರುತ್ತದೆ, ಎಷ್ಟು ತೊಳೆದರೂ ಅದು ಸ್ವಲ್ಪಸ್ವಲ್ಪವಾಗಿ ನೀರಿಗೆ ಬಿಡುತ್ತಲೇ ಇರುತ್ತದೆ. ಸಿಂಪಡಣೆಯ ದ್ರಾವಣ ಬೆರೆಸುವಾಗಲೇ ಖಾಲಿ ಕ್ಯಾನನ್ನು ಮೂರು ಬಾರಿ ಕುಲುಕಿ ತೊಳೆದು, ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಸುರಿದು, ಕ್ಯಾನಿನ ತಳಕ್ಕೆ ತೂತು ಹೊಡೆದುಬಿಡಿ. ತೂತಾದ ಕ್ಯಾನನ್ನು ಯಾರೂ ಕೇಳುವುದಿಲ್ಲ. ತೋಟದ ಮಾಲೀಕರು ಕೊಡುವುದಿಲ್ಲ ಎಂದರೆ ನಿಷ್ಠುರವಾಗಬಹುದು, ಆದರೆ ಆ ನಿಷ್ಠುರವನ್ನು ಹೊರಬೇಕಾದವರು ನೀವೇ.

ನಿಮ್ಮ ಪತ್ರದಲ್ಲಿರುವ ಒಂದು ಪದದ ಬಗ್ಗೆಯೂ ಹೇಳಬೇಕೆನಿಸುತ್ತದೆ. ನಾವೆಲ್ಲರೂ 'ಔಷಧಿ ಹೊಡೆಯುವುದು' ಎನ್ನುತ್ತೇವೆ. ಕಾಯಿಲೆ ವಾಸಿ ಮಾಡುವ ವಸ್ತುವಿಗೂ ಜೀವ ತೆಗೆಯುವ ವಸ್ತುವಿಗೂ ಒಂದೇ ಹೆಸರಿಟ್ಟು, ಎರಡನ್ನೂ ಒಂದೇ ಮನೆಯೊಳಗೆ ಇಟ್ಟರೆ, ಓದಲು ಬಾರದ ಮಗು ಅಥವಾ ಕಣ್ಣು ಮಂಜಾದ ಅಜ್ಜ ಏನನ್ನು ತಿಳಿದುಕೊಳ್ಳಬೇಕು? ಅದರಲ್ಲೂ ಉಳಿದದ್ದನ್ನು ತಂಪು ಪಾನೀಯದ ಬಾಟಲಿಗೆ ಸುರಿದಿಡುವ ಅಭ್ಯಾಸ ಅತ್ಯಂತ ಕೆಟ್ಟದ್ದು. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಒಂದು ಗುಟುಕು ಒಳಗೆ ಹೋದರೂ ಜೀವಕ್ಕೆ ಸಂಚಕಾರ, ಮತ್ತು ಅದಕ್ಕೆ ಪ್ರತಿವಿಷವೇ ಇಲ್ಲ. ಕ್ಲೋರ್‌ಪೈರಿಫಾಸ್‌ನಂತಹ ಕೀಟನಾಶಕಗಳು ಚರ್ಮದ ಮೂಲಕವೂ ಒಳಗಿಳಿದು ನರಗಳ ಮೇಲೆ ಕೆಲಸ ಮಾಡುತ್ತವೆ. ಜೊಲ್ಲು, ವಿಪರೀತ ಬೆವರು, ವಾಂತಿ, ಚಿಕ್ಕದಾದ ಕಣ್ಣುಪಾಪೆ ಅದರ ಲಕ್ಷಣಗಳು. ಇದಕ್ಕೆ ಚಿಕಿತ್ಸೆ ಇದೆ, ಆದರೆ ಯಾವ ವಿಷವೆಂದು ವೈದ್ಯರಿಗೆ ತಿಳಿಯಬೇಕು. ಮೂಲ ಡಬ್ಬಿ ಬಿಟ್ಟು ಬೇರೆ ಬಾಟಲಿಗೆ ಸುರಿದಿಟ್ಟಿದ್ದರೆ ಆ ಹೆಸರನ್ನು ಹೇಳುವವರಾರು?

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡುವುದನ್ನು ಕೆಲಸದವರಿಗೂ ಕಲಿಸಿ. ಕೆಂಪು ಎಂದರೆ ಅತಿ ತೀಕ್ಷ್ಣ ವಿಷ, ನಂತರ ಕ್ರಮವಾಗಿ ಹಳದಿ, ನೀಲಿ, ಹಸಿರು. ಹಸಿರು ಕಂಡರೆ ನಿರಪಾಯವೆಂದಲ್ಲ. ತೀಕ್ಷ್ಣತೆ ಕಡಿಮೆ ಎಂದಷ್ಟೇ, ಮತ್ತು ವರ್ಷಗಟ್ಟಲೆ ತಾಗಿದರೆ ಏನಾಗುತ್ತದೆಂಬುದನ್ನು ಆ ಬಣ್ಣ ಹೇಳುವುದಿಲ್ಲ. ನಮ್ಮ ಪಕ್ಕದ ಕಾಸರಗೋಡಿನಲ್ಲಿ, ದಕ್ಷಿಣ ಕನ್ನಡದ ಕೊಕ್ಕಡದಲ್ಲಿ ಗೇರು ತೋಟಗಳಿಗೆ ವರ್ಷಗಟ್ಟಲೆ ಸಿಂಪಡಿಸಿದ ಎಂಡೋಸಲ್ಫಾನ್‌ನ ನೋವನ್ನು ಅಲ್ಲಿನ ಮನೆಗಳು ಇಂದಿಗೂ ಉಣ್ಣುತ್ತಿವೆ. ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿದ್ದು 2011ರಲ್ಲಿ. ಹಳೆಯ ಉಗ್ರಾಣದ ಮೂಲೆಯಲ್ಲಿ ಅಂತಹ ಡಬ್ಬಿ ಈಗಲೂ ಇದ್ದರೆ ತೋಡಿಗೆ ಚೆಲ್ಲಬೇಡಿ, ಕೃಷಿ ಇಲಾಖೆಯವರನ್ನು ಕೇಳಿ ವಿಲೇವಾರಿ ಮಾಡಿ. ಉಳಿದದ್ದಕ್ಕೆ ಮನೆಯಿಂದ ದೂರದಲ್ಲಿ ಬೀಗವಿರುವ ಪ್ರತ್ಯೇಕ ಕೋಣೆ ಇರಲಿ, ಸಿಂಪಡಣೆಗೆ ತೊಟ್ಟ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ಒಗೆಯಬೇಡಿ.

ಪ್ರಶ್ನೆ: ಪುತ್ತರಿ ಹಬ್ಬಕ್ಕೆ ಮೊದಲು ಐನ್‌ಮನೆಯ (ಕುಟುಂಬದ ಮೂಲಮನೆಯ) ಹಳೆಯ ಬಾಗಿಲು ಕಿಟಕಿಗಳ ಬಣ್ಣ ಉಜ್ಜಿ ತೆಗೆಸಿ ಹೊಸದಾಗಿ ಬಳಿಸಬೇಕೆಂದಿದ್ದೇವೆ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ ಎನ್ನುತ್ತಾರಲ್ಲ?
— ಓದುಗರು, ಪೊನ್ನಂಪೇಟೆ

ಉತ್ತರ: ಇರುವ ಸಂಭವ ಹೆಚ್ಚು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನ ಹಳದಿ, ಕೆಂಪು, ಹಸಿರು ಎನಾಮಲ್ ಬಣ್ಣಗಳಲ್ಲಿ, ಕಬ್ಬಿಣದ ಸರಳಿಗೆ ಬಳಿಯುತ್ತಿದ್ದ ಕೆಂಪು ಪ್ರೈಮರಿನಲ್ಲಿ ಸೀಸ ಸಾಕಷ್ಟು ಇರಬಹುದು. ಬಣ್ಣ ಬಾಗಿಲ ಮೇಲೆ ಭದ್ರವಾಗಿ ಅಂಟಿಕೊಂಡಿರುವಷ್ಟು ಕಾಲ ಹೆಚ್ಚಿನ ಕೇಡಿಲ್ಲ. ಒಣ ಉಪ್ಪುಕಾಗದದಿಂದ ಉಜ್ಜಿದಾಗ ಏಳುವ ನಯವಾದ ಧೂಳೇ ನಿಜವಾದ ಅಪಾಯ. ಅದು ನೆಲದ ಮೇಲೆ ಕೂತು ಅಂಬೆಗಾಲಿಡುವ ಮಕ್ಕಳ ಕೈಯಿಂದ ಬಾಯಿಗೆ ಹೋಗುತ್ತದೆ, ಬೆಳೆಯುವ ಮಿದುಳಿಗೆ ಪೆಟ್ಟು ಕೊಡುತ್ತದೆ. ರಕ್ತದಲ್ಲಿ ಸೀಸ ಇಷ್ಟಿದ್ದರೆ ಕೇಡಿಲ್ಲ ಎನ್ನಬಹುದಾದ ಮಟ್ಟ ಯಾವುದೂ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆದ್ದರಿಂದ ಎದ್ದು ಬಂದಿರುವ ಕಡೆ ಮಾತ್ರ ನೀರು ಚಿಮುಕಿಸಿ ಒದ್ದೆಯಾಗಿಯೇ ಕೆರೆಸಿ, ಉಳಿದ ಕಡೆ ಹಳೆಯದರ ಮೇಲೆಯೇ ಹೊಸ ಬಣ್ಣ ಬಳಿಸಿ. ಬೆಂಕಿಯ ಉರಿಯಿಂದ ಸುಟ್ಟು ತೆಗೆಯಲು ಬಿಡಬೇಡಿ. ಮಕ್ಕಳನ್ನೂ ಗರ್ಭಿಣಿಯರನ್ನೂ ಕೆಲಸ ಮುಗಿಯುವವರೆಗೆ ಬೇರೆ ಮನೆಯಲ್ಲಿರಿಸಿ. ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ಪ್ರಶ್ನೆ: ಸೊಳ್ಳೆಬತ್ತಿಯ ಹೊಗೆ ಸಿಗರೇಟಿಗಿಂತ ಕೆಟ್ಟದ್ದೆನ್ನುವುದು ನಿಜವೇ?
— ವಿದ್ಯಾರ್ಥಿನಿ, ಕುಶಾಲನಗರ

ಉತ್ತರ: ಒಂದು ಬತ್ತಿ ಪೂರ್ತಿ ಉರಿದಾಗ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಹೊಗೆಯಲ್ಲಿರುವಷ್ಟು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡಿತು. ಸಿಗರೇಟಿನ ಎಲ್ಲ ಕೇಡುಗಳಿಗೂ ಈ ಲೆಕ್ಕ ಅನ್ವಯಿಸುವುದಿಲ್ಲ, ಕಣಗಳಿಗೆ ಮಾತ್ರ. ಆದರೂ ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಅದನ್ನು ಉಸಿರಾಡಲು ಕಾರಣವಿಲ್ಲ. ಸೊಳ್ಳೆಪರದೆ ಕಟ್ಟಿಕೊಳ್ಳಿ.

ಪ್ರಶ್ನೆ: ಬಾಣಂತಿ ಕೋಣೆಯಲ್ಲಿ ಕೆಂಡ ಇಡುವುದು, ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಾಕುವುದು ಇವುಗಳಿಂದ ತೊಂದರೆಯಿದೆಯೇ? ಇವುಗಳಲ್ಲಿ ರಾಸಾಯನಿಕವೇನೂ ಇಲ್ಲವಲ್ಲ.
— ಓದುಗರು, ಮಡಿಕೇರಿ

ಉತ್ತರ: ಈ ಕಂತಿನಲ್ಲಿ ಹೇಳಿದ ಎಲ್ಲಕ್ಕಿಂತ ಬೇಗ ಕೊಲ್ಲುವುದು ಇದೇ. ಗಾಳಿ ಸಾಲದೆ ಉರಿದ ಇದ್ದಿಲಿನಿಂದಲೂ ಗ್ಯಾಸಿನಿಂದಲೂ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಕಾಲು ಸೋಲುವುದು, ಆಮೇಲೆ ಎಚ್ಚರ ತಪ್ಪುವುದು. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಗೋಡೆಗೆ ಹಾಕಿಸಿ ಬಿಸಿನೀರನ್ನು ಮಾತ್ರ ಕೊಳವೆಯಲ್ಲಿ ಒಳತನ್ನಿ. ಕೆಂಡವನ್ನು ಮಲಗುವ ಕೋಣೆಯಲ್ಲಿ ಇಡಲೇಬೇಡಿ. ಬಾಣಂತಿಗೆ ಬೆಚ್ಚಗಿರಲು ಕಂಬಳಿ ಸಾಕು.

ಪ್ರಶ್ನೆ: ಮಗು ಸೀಮೆಎಣ್ಣೆಯನ್ನೋ ಫಿನಾಯಿಲನ್ನೋ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಕೆಂದು ಹಿರಿಯರು ಹೇಳುತ್ತಾರೆ. ಸರಿಯೇ?
— ತಾಯಿ, ಶನಿವಾರಸಂತೆ

ಉತ್ತರ: ಖಂಡಿತ ಮಾಡಿಸಬೇಡಿ. ವಾಂತಿಯಾಗುವಾಗ ಸೀಮೆಎಣ್ಣೆ ಶ್ವಾಸಕೋಶಕ್ಕೆ ನುಗ್ಗಿ ನ್ಯುಮೋನಿಯಾ ತರುತ್ತದೆ, ಆ್ಯಸಿಡ್‌ನಂತಹವು ಅನ್ನನಾಳವನ್ನು ಎರಡನೆಯ ಬಾರಿ ಸುಡುತ್ತವೆ. ಉಪ್ಪುನೀರು ಚಿಕ್ಕ ಮಕ್ಕಳಿಗೆ ತಾನೇ ಒಂದು ವಿಷ. ಬಾಯಿ ಒರೆಸಿ, ಒದ್ದೆಯಾದ ಬಟ್ಟೆ ತೆಗೆದು, ಚರ್ಮವನ್ನು ನೀರಿನಿಂದ ತೊಳೆದು, 108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117. ಆಸ್ಪತ್ರೆಗೆ ಹೊರಡುವಾಗ ಕುಡಿದು ಉಳಿದ ಬಾಟಲಿಯನ್ನು ಚೀಟಿಯ ಸಮೇತ ಜೊತೆಗೆ ಒಯ್ಯಿರಿ.