ವ್ಯಾಪಾರ ಬಿದ್ದಾಗ ಮಾತ್ರ ಪ್ರಚಾರ: ಕೊಡಗಿನ ಒಂದು ಆಪ್ತಸಲಹೆ ಪ್ರಕರಣ

ಸಣ್ಣ ವ್ಯಾಪಾರ ನಡೆಸುವವರು ನನ್ನ ಬಳಿ ಬಂದಾಗ ಮೊದಲು ಹೇಳುವುದು ನಿದ್ದೆಯ ವಿಷಯ. ವ್ಯಾಪಾರದ ಮಾತು ಆಮೇಲೆ ಬರುತ್ತದೆ. ಈ ಪ್ರಕರಣವೂ ಹಾಗೇ ಶುರುವಾಯಿತು. ಬಂದ ಮಹಿಳೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಊರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರಿಗೆ ನಲವತ್ತರ ಆಸುಪಾಸು. ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ಮನೆಗೆ ಅಂಟಿಕೊಂಡಂತೆ ಒಂದು ಸಣ್ಣ ಅಂಗಡಿ. ಮನೆಯ ತೋಟದ ಕಾಫಿ ಪುಡಿ, ಕಾಳುಮೆಣಸು, ಜೇನು, ಉಪ್ಪಿನಕಾಯಿ, ಕಾಚಂಪುಳಿ (ಪಣಪುಳಿ ಹಣ್ಣಿನ ರಸ ಕಾಯಿಸಿ ಮಾಡುವ ಅಡುಗೆಯ ಹುಳಿ) ಮಾರುತ್ತಾರೆ. ಗಂಡ ತೋಟ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಅತ್ತೆ ಮತ್ತು ಕಾಲೇಜಿಗೆ ಹೋಗುವ ಮಗಳು.

"ರಾತ್ರಿ ಒಂದು ಗಂಟೆಗೆ ಎದ್ದು ಫೋನ್ ನೋಡ್ತೀನಿ ಮೇಡಂ. ಯಾರಾದ್ರೂ ಲೈಕ್ ಮಾಡಿದ್ದಾರಾ, ಯಾರಾದ್ರೂ ಕೇಳಿದ್ದಾರಾ ಅಂತ. ಇಲ್ಲ ಅಂದ್ರೆ ಎದೆ ಹೊಡ್ಕೊಳ್ಳುತ್ತೆ" ಎಂದರು. ಎಂದಿನಿಂದ ಎಂದು ಕೇಳಿದೆ. ಜೂನ್‌ನಿಂದ ಎಂದರು. ಅದಕ್ಕೆ ಮೊದಲಿನ ವರ್ಷ? ಅದೂ ಜೂನ್‌ನಿಂದಲೇ.

ಅಂಗಡಿ ತೆರೆದದ್ದು 2017ರಲ್ಲಿ. ಮರುವರ್ಷ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಜಿಲ್ಲೆಗೆ ಪ್ರವಾಸಿಗರು ಬರುವುದೇ ನಿಂತಿತು. ಅವರ ಮನೆಗೆ ಏನೂ ಆಗಲಿಲ್ಲ, ಆದರೆ ಅಂಗಡಿಯ ಮುಂದೆ ಒಂದು ಕಾರೂ ನಿಲ್ಲದ ದಿನಗಳನ್ನು ಕಂಡರು. 2020ರಲ್ಲಿ ಕೊರೊನಾ. ಅದೇ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿಯಿತು. ಮಳೆ ಶುರುವಾದರೆ ವ್ಯಾಪಾರ ಸತ್ತೇ ಹೋಗುತ್ತದೆ ಎಂದು ಅವರ ಮೈಗೇ ಗೊತ್ತಾಗಿಬಿಟ್ಟಿದೆ. ಈ ಭಯಕ್ಕೆ ಕಾರಣವಿದೆ. ಅದನ್ನು ಸುಮ್ನೆ ಹೆದರಿಕೆ ಎಂದು ತಳ್ಳಿಹಾಕುವಂತಿಲ್ಲ. ಇದನ್ನು ಅವರಿಗೆ ಬಾಯಿಬಿಟ್ಟು ಹೇಳಿದೆ. ಮನೆಯಲ್ಲಿ ಯಾರೂ ಹಾಗೆ ಹೇಳಿರಲಿಲ್ಲವಂತೆ.

ಭಯ ಬಂದಾಗ ಅವರು ಏನು ಮಾಡುತ್ತಿದ್ದರು ಎಂಬುದು ಮುಖ್ಯ. ಜುಲೈನಲ್ಲಿ ವ್ಯಾಪಾರ ಕುಸಿದ ಕೂಡಲೇ ದೊಡ್ಡ ಫ್ಲೆಕ್ಸ್ ಬರೆಸುತ್ತಿದ್ದರು. ಫೇಸ್‌ಬುಕ್‌ನಲ್ಲಿ ದುಡ್ಡು ಕೊಟ್ಟು ಪೋಸ್ಟ್ ಬೂಸ್ಟ್ ಮಾಡಿಸುತ್ತಿದ್ದರು. ಅದಕ್ಕೂ ಯಾರೂ ಬಾರದಿದ್ದರೆ ರಾತ್ರಿ ಕೂತು ಬೆಲೆ ಇಳಿಸುತ್ತಿದ್ದರು. ಕೊನೆಗೊಮ್ಮೆ 'ಕಾಚಂಪುಳಿ ಕುಡಿದರೆ ತೂಕ ಇಳಿಯುತ್ತೆ' ಎಂದೂ ಬರೆದರು. ಡಿಸೆಂಬರ್ ಬಂದರೆ ಎಲ್ಲ ಮರೆತುಹೋಗುತ್ತಿತ್ತು. ಆಗ ಅಂಗಡಿ ತುಂಬ ಜನ. ಪ್ರಚಾರ ಯಾಕೆ ಬೇಕು? ಯಾರ ಹೆಸರೂ, ನಂಬರೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಮುಂದಿನ ಜೂನ್‌ಗೆ ಮತ್ತೆ ಮೊದಲಿನಿಂದ.

ಗಂಡ ಇದಕ್ಕೆ 'ಆರಂಭಶೂರತ್ವ' ಎಂದು ಹೆಸರಿಟ್ಟಿದ್ದರು. ಅತ್ತೆಯ ಮಾತು ಬೇರೆ. ಮನೆಯಲ್ಲಿ ಮಾಡಿದ ಹುಳಿಯನ್ನು ಹೀಗೆ ಬೀದಿಯಲ್ಲಿ ಸಾರಬೇಕಾ ಎಂಬುದು ಅವರ ಪ್ರಶ್ನೆ. ಬಾಟಲಿ ಕೊಂಡವರಿಗೆ ಮತ್ತೊಮ್ಮೆ ಮೆಸೇಜ್ ಮಾಡುವುದೆಂದರೆ ಬೇಡಿದಂತೆ ಎಂಬ ನಾಚಿಕೆ ಇವರ ಮನಸ್ಸಿನಲ್ಲೂ ಕೂತಿತ್ತು. ಗುರುತಿಲ್ಲದ ಸಾವಿರ ಜನರಿಗೆ ಬೂಸ್ಟ್ ಮಾಡುವಾಗ ನಾಚಿಕೆಯಿಲ್ಲ. ಗುರುತಿರುವ ಒಬ್ಬರಿಗೆ ಬರೆಯಲು ಕೈ ಬರುವುದಿಲ್ಲ. ಸಣ್ಣ ವ್ಯಾಪಾರದವರಲ್ಲಿ ಇದನ್ನು ತುಂಬಾ ಕಾಣುತ್ತೇನೆ.

ಅವರ ಫೋನನ್ನೇ ತೆಗೆಯಲು ಹೇಳಿದೆ. ವಾಟ್ಸಾಪ್‌ನಲ್ಲಿ 'ಕಾಚಂಪುಳಿ' ಎಂದು ಹುಡುಕಿಸಿದೆ. ಹಳೆಯ ಮೆಸೇಜುಗಳು ಒಂದರ ಹಿಂದೊಂದು ಬಂದವು. 'ಈ ವರ್ಷದ ಹುಳಿ ಆಯ್ತಾ?' 'ಮೈಸೂರಿಗೆ ಕಳಿಸ್ತೀರಾ?' 'ಅಕ್ಕ, ಎರಡು ಬಾಟಲಿ ಬೇಕಿತ್ತು.' ಎಷ್ಟಕ್ಕೋ ಉತ್ತರವೇ ಹೋಗಿರಲಿಲ್ಲ. ಕೆಲವು ಡಿಸೆಂಬರ್ ಗಲಾಟೆಯಲ್ಲಿ ಬಂದವು. ಕೆಲವು ಜುಲೈನಲ್ಲೇ, ಯಾರಿಗೂ ಬೇಡವಾದೆ ಎಂದು ಅವರು ಅಳುತ್ತಿದ್ದ ದಿನಗಳಲ್ಲೇ ಬಂದವು. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇವರೇ ಕೇಳಿದ್ದಾರಲ್ವಾ" ಎಂದರು. ಕೇಳಿದವರಿಗೆ 'ಹುಳಿ ಆಗಿದೆ' ಎಂದು ತಿಳಿಸುವುದು ಬೇಡುವುದು ಹೇಗಾಗುತ್ತದೆ ಎಂದು ಕೇಳಿದೆ.

ಮುಂದಿನ ಸಲ ಗಂಡನನ್ನೂ ಕರೆದುಕೊಂಡು ಬರಲು ಹೇಳಿದೆ. ಅವರು ಮನಸ್ಸಿಲ್ಲದ ಮನಸ್ಸಿನಿಂದ ಬಂದರು. ತೋಟದ ಕೆಲಸ ಹೇಗೆ ಗೊತ್ತುಮಾಡುತ್ತೀರಿ ಎಂದು ಕೇಳಿದಾಗ ಮಾತ್ರ ಮುಖ ಅರಳಿತು. ಒಂದು ಡೈರಿ ಇದೆಯಂತೆ. ಗೊಬ್ಬರ ಯಾವಾಗ, ಮಳೆಗೆ ಮೊದಲು ರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣ ಯಾವಾಗ, ನೆರಳು ಮರದ ಕೊಂಬೆ ಕಡಿಸುವುದು ಯಾವಾಗ, ಹೂಮಳೆ ಎಷ್ಟು ಬಿತ್ತು, ಎಲ್ಲ ಅದರಲ್ಲಿದೆ. ಕಾಫಿ ಬೆಲೆ ಬಿದ್ದ ವರ್ಷ ಗೊಬ್ಬರ ನಿಲ್ಲಿಸುತ್ತೀರಾ ಎಂದೆ. "ನಿಲ್ಸಿದ್ರೆ ಮುಂದಿನ ವರ್ಷ ಗಿಡದಲ್ಲಿ ಏನಿರುತ್ತೆ?" ಎಂದರು. ಹಾಗಾದರೆ ಅಂಗಡಿಯ ಪ್ರಚಾರಕ್ಕೂ ಆ ಡೈರಿಯಲ್ಲೇ ಜಾಗ ಕೊಡಿ ಎಂದು ಕೇಳಿಕೊಂಡೆ. ಒಪ್ಪಿದರು. ಈ ಪ್ರಕರಣದಲ್ಲಿ ತಿರುವು ಸಿಕ್ಕಿದ್ದು ಇಲ್ಲೇ ಎಂದು ನನ್ನ ಭಾವನೆ. ಹೆಂಡತಿಯ ಹವ್ಯಾಸ ಎಂದುಕೊಂಡಿದ್ದ ಅಂಗಡಿ ಮನೆಯ ಕೆಲಸಗಳ ಪಟ್ಟಿಗೆ ಸೇರಿತು.

ಮೂವರೂ ಕೂತು ವರ್ಷದ ಲೆಕ್ಕ ಬರೆದೆವು. ಇದು ಕೊಡಗಿನ ವರ್ಷ. ಬೆಂಗಳೂರಿನ ಅಂಗಡಿಯ ಕ್ಯಾಲೆಂಡರ್ ಇಲ್ಲಿಗೆ ಆಗುವುದಿಲ್ಲ.

ಮಳೆಗಾಲದಿಂದಲೇ ಶುರು ಮಾಡಿದೆವು. ಪಣಪುಳಿ ಹಣ್ಣು ಉದುರುವುದು, ಅದರ ರಸ ಇಳಿಸಿ ಕಪ್ಪಗೆ ಗಟ್ಟಿಯಾಗುವವರೆಗೆ ಕಾಯಿಸುವುದು ಮಳೆಯಲ್ಲೇ. ದಾರಿಯಲ್ಲಿ ಕಾರು ಇಲ್ಲದ ತಿಂಗಳಲ್ಲೇ ಅವರ ಅತಿ ಮುಖ್ಯ ಮಾಲು ತಯಾರಾಗುತ್ತದೆ! ಇಷ್ಟು ವರ್ಷ ಅವರು ಅದನ್ನು ಯಾರಿಗೂ ತೋರಿಸಿರಲಿಲ್ಲ. ಒಲೆಯ ಮೇಲಿನ ಪಾತ್ರೆಯ ಒಂದು ಫೋಟೋ, 'ಈ ವರ್ಷದ ಹುಳಿ ಕಾಯ್ತಾ ಇದೆ' ಎಂಬ ಒಂದು ಸಾಲು, ಜೂನ್-ಜುಲೈಗೆ ಅಷ್ಟು ಸಾಕು. ಕೈಲ್‌ಪೊಳ್ದ್ ಎಂಬ ಕೊಡವರ ಆಯುಧಪೂಜೆಯ ಹಬ್ಬ ಸೆಪ್ಟೆಂಬರ್ 3ರ ಸುಮಾರಿಗೆ. ಆ ದಿನ ಪಂದಿ ಕರಿ (ಹಂದಿ ಮಾಂಸದ ಸಾರು) ಮಾಡುವ ಮನೆಗಳು ಬೆಂಗಳೂರು, ಮೈಸೂರಿನಲ್ಲೂ ಇವೆ. ಅವರಿಗೆ ಕಾಚಂಪುಳಿ ಬೇಕೇಬೇಕು. ಪಾರ್ಸೆಲ್ ತಲುಪುವ ಸಮಯ ನೋಡಿಕೊಂಡು ಆಗಸ್ಟ್ ಮೊದಲ ಅರ್ಧದಲ್ಲೇ ತಿಳಿಸಬೇಕು. ಅಕ್ಟೋಬರ್‌ನಲ್ಲಿ ಮಡಿಕೇರಿ ದಸರಾ, 17-18ರ ಹೊತ್ತಿಗೆ ತುಲಾ ಸಂಕ್ರಮಣ. ತಲಕಾವೇರಿ ತೀರ್ಥೋದ್ಭವಕ್ಕೆ ಹೋಗುವ ಜನ ಅವರ ಅಂಗಡಿಯ ಮುಂದೆಯೇ ಹಾದುಹೋಗುತ್ತಾರೆ. ಆಮೇಲೆ ಹೊಸ ಭತ್ತದ ಹಬ್ಬ ಪುತ್ತರಿ, ವರ್ಷದ ಕೊನೆಯ ಪ್ರವಾಸಿಗರು. ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ ಕೊಯ್ಲು. ಆಗ ಕೆಲಸದವರಿಗೆ ಊಟ ಕಟ್ಟುವುದರಲ್ಲೇ ಇವರ ದಿನ ಮುಗಿಯುತ್ತದೆ. ಆ ಮೂರು ತಿಂಗಳ ಮೆಸೇಜುಗಳನ್ನು ನವೆಂಬರ್‌ನಲ್ಲೇ ಬರೆದಿಡಲು ಹೇಳಿದೆ. ಏಪ್ರಿಲ್-ಮೇನಲ್ಲಿ ಶಾಲೆಗೆ ರಜೆ, ಕೊಡವ ಕುಟುಂಬಗಳ ಹಾಕಿ ಉತ್ಸವ, ಹೊರಗಿದ್ದವರು ಊರಿಗೆ ಬರುವ ಕಾಲ.

ಜನ ಜಾಸ್ತಿ ಇರುವಾಗ ಮಾಡಬೇಕಾದ ಕೆಲಸ ಒಂದೇ. ಬಿಲ್ ಮಾಡುವಾಗ ಒಂದು ನೋಟ್‌ಬುಕ್‌ನಲ್ಲಿ ಹೆಸರು, ಊರು, ಕೊಂಡದ್ದು, ಒಪ್ಪಿದರೆ ಫೋನ್ ನಂಬರ್. 'ಮುಂದಿನ ಹುಳಿ ಆದಾಗ ತಿಳಿಸ್ಲಾ?' ಎಂದು ಕೇಳಿ, ಹೂಂ ಎಂದವರದ್ದು ಮಾತ್ರ. ಇಲ್ಲಿ ಒಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಕಳಿಸಿದ್ದು ತಲುಪುವುದು ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ. ಹಾಗಾಗಿ ಅವರ ನಂಬರ್ ಪಡೆದರೆ ಸಾಲದು. ಅಂಗಡಿಯಲ್ಲೇ ನಮ್ಮ ನಂಬರ್ ಸೇವ್ ಮಾಡಿಸಬೇಕು. ಬಿಲ್ ಚೀಟಿಯಲ್ಲೂ ಅಂಗಡಿಯ ಹೆಸರಿನ ಜೊತೆ 'ಕಾಚಂಪುಳಿ' ಎಂದು ಅಚ್ಚು ಹಾಕಿಸಿ, ಅದೇ ಹೆಸರಿನಲ್ಲಿ ನಂಬರ್ ಸೇವ್ ಮಾಡಿಸಿದರೆ, ಎರಡು ವರ್ಷದ ಮೇಲೂ ಫೋನಿನಲ್ಲಿ ಹುಡುಕಿದಾಗ ಸಿಗುತ್ತದೆ.

ಫ್ಲೆಕ್ಸ್ ಬೇಡ ಎಂದೆ. ಅದರ ಬದಲು ತಿರುವಿಗೆ ಸಾಕಷ್ಟು ಮೊದಲೇ ಒಂದು ಚಿಕ್ಕ ಬೋರ್ಡ್, ಪಂಚಾಯಿತಿಯನ್ನು ಕೇಳಿಕೊಂಡು. ಹಳೆಯ ಬೋರ್ಡ್ ಅಂಗಡಿಯ ಎದುರಿಗೇ ಇತ್ತು. ಓದಿ ಮುಗಿಸುವ ಹೊತ್ತಿಗೆ ಕಾರು ಮುಂದೆ ಹೋಗಿರುತ್ತಿತ್ತು, ಹಿಂದೆ ಬರಲು ಆ ರಸ್ತೆಯಲ್ಲಿ ಜಾಗವಿಲ್ಲ. ಬೋರ್ಡಿನಲ್ಲಿ ಹದಿನೈದು ಸಾಮಾನಿನ ಹೆಸರಿತ್ತು. 'ಕಾಫಿ ಪುಡಿ, ಕಾಚಂಪುಳಿ', ಒಂದು ಬಾಣದ ಗುರುತು, ಅಷ್ಟೇ ಇರಲಿ ಎಂದೆ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಬೇರೆ ಕಡೆ ತೋರಿಸುತ್ತಿತ್ತು. ಮಗಳು ಸರಿಮಾಡಿದಳು, ತೆರೆಯುವ ಸಮಯ ಹಾಕಿದಳು. ಇದಕ್ಕೆ ದುಡ್ಡಿಲ್ಲ. ಪೇಪರ್, ರೇಡಿಯೋ ಜಾಹೀರಾತಿನ ಬಗ್ಗೆ ಗಂಡ ಕೇಳಿದರು. 'ಶಕ್ತಿ' ಪತ್ರಿಕೆ, ಮಡಿಕೇರಿ ಆಕಾಶವಾಣಿ ಜಿಲ್ಲೆಯ ಮನೆಮನೆಗೆ ತಲುಪುತ್ತವೆ, ನಿಜ. ಆದರೆ ಇವರ ಗಿರಾಕಿಗಳು ಜಿಲ್ಲೆಯ ಹೊರಗಿನವರೇ ಜಾಸ್ತಿ. ಕಾಚಂಪುಳಿಯನ್ನು ಮನೆಯಲ್ಲೇ ಮಾಡಿಕೊಳ್ಳುವ ಊರಿನಲ್ಲಿ ಅದಕ್ಕೆ ಜಾಹೀರಾತು ಕೊಟ್ಟು ಪ್ರಯೋಜನ ಕಡಿಮೆ. ಬೇರೆ ವ್ಯಾಪಾರವಾಗಿದ್ದರೆ, ಉದಾಹರಣೆಗೆ ಟೈಲರಿಂಗ್ ಅಂಗಡಿಯಾಗಿದ್ದರೆ, ಮೊದಲು ಅಲ್ಲಿಗೇ ಹೋಗಿ ಎನ್ನುತ್ತಿದ್ದೆ.

ತೂಕ ಇಳಿಯುವ ಪೋಸ್ಟನ್ನು ತೆಗೆಸಿದೆ. ಇದರಲ್ಲಿ ನಾನು ಗಟ್ಟಿಯಾಗಿಯೇ ಮಾತಾಡಿದೆ. ಪಣಪುಳಿ ಹಣ್ಣಿನ ಸಾರದ ಮಾತ್ರೆಗಳನ್ನು ತೂಕ ಇಳಿಸಲು ಎಂದು ಮಾರುವವರಿದ್ದಾರೆ. ಅಡುಗೆಗೆ ಹಾಕುವ ಹುಳಿಗೆ ಆ ಮಾತು ಅಂಟಿಸಬಾರದು. ಆಹಾರದ ಬಗ್ಗೆ ತಪ್ಪುದಾರಿಗೆ ಎಳೆಯುವ ಮಾತು ಬರೆಯುವುದು ಕಾನೂನಿಗೂ ವಿರುದ್ಧ. ಭಯದಲ್ಲಿ ಬರೆದ ಒಂದು ಸಾಲು ವರ್ಷಗಳ ನಂಬಿಕೆಯನ್ನು ತಿಂದುಬಿಡಬಹುದು. ಕಾಫಿ ಪುಡಿಯ ಪ್ಯಾಕೆಟ್ ಮೇಲೂ ಚಿಕೋರಿ ಎಷ್ಟಿದೆಯೋ ಅಷ್ಟು ಕಾಣುವಂತೆ ಬರೆಯಲು ಹೇಳಿದೆ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಂಬರಿನ ಜೊತೆ.

ಇನ್ನು ಮನಸ್ಸಿನ ಕೆಲಸ. ಪ್ರಚಾರಕ್ಕೆ ವಾರದಲ್ಲಿ ಒಂದು ಹೊತ್ತು ಗೊತ್ತುಮಾಡಿದೆವು. ಮಂಗಳವಾರ ಬೆಳಿಗ್ಗೆ, ಮಗಳು ಕಾಲೇಜಿಗೆ ಹೋದ ಮೇಲೆ, ಒಂದೂವರೆ ಗಂಟೆ. ಕೇಳಿದವರಿಗೆ ಉತ್ತರ, ಒಂದು ಫೋಟೋ, ನೋಟ್‌ಬುಕ್‌ನಲ್ಲಿರುವ ಕೆಲವರಿಗೆ ಹೆಸರು ಹಿಡಿದು ಮೆಸೇಜ್. ವ್ಯಾಪಾರ ಜೋರಿರಲಿ, ಬಿದ್ದಿರಲಿ, ಅಷ್ಟೇ ಹೊತ್ತು. ರಾತ್ರಿ ಒಂಬತ್ತರ ಮೇಲೆ ಅಂಗಡಿಯ ಫೋನ್ ಅಡುಗೆಮನೆಯಲ್ಲಿ. ಬೆಲೆ ಇಳಿಸುವ ತೀರ್ಮಾನ ರಾತ್ರಿ ಮಾಡುವಂತಿಲ್ಲ. ಇಳಿಸಲೇಬೇಕು ಅನ್ನಿಸಿದರೆ ಡೈರಿಯಲ್ಲಿ ಬರೆದು ಮಂಗಳವಾರದವರೆಗೆ ಕಾಯಬೇಕು. ಲೈಕ್ ಎಣಿಸುವುದನ್ನು ಬಿಡಿಸಿದೆ. ಡೈರಿಯಲ್ಲಿ ಬರೆಯುವುದು ಎರಡೇ: ಈ ವಾರ ಯಾರಿಗೆ ತಿಳಿಸಿದೆ, ಯಾರು ಮತ್ತೆ ಕೊಂಡರು. ಮೊದಲನೆಯದು ಪೂರ್ತಿ ಅವರ ಕೈಯಲ್ಲಿದೆ. ಎದೆ ಹೊಡೆದುಕೊಂಡಾಗ ನೋಡಬೇಕಾದ ಪುಟ ಅದೇ.

ದುಡ್ಡಿಗೂ ಹಾಗೇ. ಮಾರಿದ ನೂರು ರೂಪಾಯಿಗೆ ಮೂರು ರೂಪಾಯಿ ಬೇರೆ ಡಬ್ಬಿಗೆ. ಡಿಸೆಂಬರ್‌ನಲ್ಲಿ ಡಬ್ಬಿ ತುಂಬುತ್ತದೆ, ಜುಲೈನಲ್ಲಿ ಖರ್ಚಾಗುತ್ತದೆ. ಡಬ್ಬಿಯಲ್ಲಿ ಇಲ್ಲದ ದುಡ್ಡಿನಿಂದ ಪ್ರಚಾರ ಬೇಡ.

ನಿದ್ದೆ ಎರಡು ವಾರದಲ್ಲಿ ಸರಿಯಾಗದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದು ಮೊದಲೇ ಹೇಳಿದ್ದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಕೊಟ್ಟಿದ್ದೆ. ಅದಕ್ಕೆ ಒಮ್ಮೆ ಕರೆ ಮಾಡಿ ಮಾತಾಡಿದರಂತೆ. ಒಳ್ಳೆಯದೇ ಆಯಿತು. ವ್ಯಾಪಾರದ ಯೋಜನೆ ಎಲ್ಲ ಆತಂಕಕ್ಕೂ ಮದ್ದಾಗುವುದಿಲ್ಲ.

ಅದರ ಮುಂದಿನ ಮಳೆಗಾಲ ಸಲೀಸಾಗಿತ್ತು ಎನ್ನಲಾರೆ. ಜುಲೈನಲ್ಲಿ ಅಂಗಡಿ ಖಾಲಿಯೇ ಇತ್ತು. ಕರೆಂಟ್, ನೆಟ್‌ವರ್ಕ್ ಇಲ್ಲದೆ ಕೆಲವು ಮಂಗಳವಾರ ತಪ್ಪಿದವು. ಹತ್ತಿರದ ಹೋಂಸ್ಟೇಗಳಿಗೆ ಕಾಫಿ ಪುಡಿಯ ಸಣ್ಣ ಪ್ಯಾಕೆಟ್ ಕೊಟ್ಟದ್ದರಲ್ಲಿ ಹೆಚ್ಚಿನ ಕಡೆಯಿಂದ ಏನೂ ಬರಲಿಲ್ಲ. ಒಂದೆರಡು ಕಡೆಯವರು ಮಾತ್ರ ಈಗ ತಿಂಗಳಿಗೊಮ್ಮೆ ಪುಡಿ ತರಿಸುತ್ತಾರೆ. ಆದರೆ ಕೈಲ್‌ಪೊಳ್ದ್‌ಗೆ ಮೊದಲು ಪಾರ್ಸೆಲ್ ಕಟ್ಟಲು ಗಂಡನೂ ಕೂರಬೇಕಾಯಿತು. ಆ ವರ್ಷ ಒಮ್ಮೆಯೂ ಬೆಲೆ ಇಳಿಸಲಿಲ್ಲ. ಅತ್ತೆ ಈಗಲೂ ಫೋಟೋ ತೆಗೆಸಿಕೊಳ್ಳಲು ಒಪ್ಪುವುದಿಲ್ಲ. ಹುಳಿ ಯಾವಾಗ ಇಳಿಸಬೇಕು ಎಂಬುದನ್ನು ಮಾತ್ರ ಮೆಸೇಜಿಗಾಗಿ ಅವರೇ ಹೇಳಿ ಬರೆಸುತ್ತಾರೆ.

ಮಗಳಿಗೆ ಇನ್‌ಸ್ಟಾಗ್ರಾಂನಲ್ಲಿ ದಿನಾ ರೀಲ್ಸ್ ಹಾಕುವ ಆಸೆ. ಈಗಿರುವ ಒಂದೂವರೆ ಗಂಟೆ ಒಂದು ವರ್ಷ ತಪ್ಪದೆ ನಡೆಯಲಿ, ಆಮೇಲೆ ನೋಡೋಣ ಎಂದಿದ್ದೇನೆ. ದಿನಾ ಎಂದು ಹೊರಟರೆ ಕೊಯ್ಲಿನ ಹೊತ್ತಿಗೆ ಅದು ನಿಲ್ಲುತ್ತದೆ. ನಿಂತಾಗ ತಾಯಿಗೆ ಮತ್ತೆ ಸೋತ ಹಾಗೆ ಅನ್ನಿಸುತ್ತದೆ.

ಈಗ ಅವರು ನನ್ನಲ್ಲಿಗೆ ಬರುವುದು ಕಡಿಮೆ. ಜೂನ್ ಮೊದಲ ವಾರ ಮಾತ್ರ ತಪ್ಪದೆ ಬನ್ನಿ, ಇಬ್ಬರೂ ಬನ್ನಿ ಎಂದು ಹೇಳಿದ್ದೇನೆ. ಆ ಭಯ ಮರಳುವುದಾದರೆ ಆ ಹೊತ್ತಿಗೇ.